ಮೌಶಿ ಕೆಡಿಸಿದ ಪಾರ್ಟು

ಮೌಶಿಯ ಮುಖಕ್ಕೂ ಕುತ್ತಿಗೆಗೂ ಎರಡು ಬಣ್ಣ. ಗದ್ದದ ಅಂಚಿನಲ್ಲಿ ಗೆರೆ ಎಳೆದ ಹಾಗೆ ಕಪ್ಪು ಮುಖ ಮುಗಿದು ಗೋಧಿಬಣ್ಣದ ಕುತ್ತಿಗೆ ಶುರುವಾಗುತ್ತಿತ್ತು. ಕಂಪನಿ ನಾಟಕದಲ್ಲಿದ್ದಷ್ಟು ವರ್ಷವೂ ಸಂಜೆಯಾದರೆ ಬಿಳಿ ಬಣ್ಣ ಬಳಿದು, ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಹಳೇ ಸೀರೆಯ ತುಂಡಿನಿಂದ ತಿಕ್ಕಿ ತೆಗೆದು, ಮುಖದ ಚರ್ಮ ಸುಟ್ಟೇ ಹೋಗಿತ್ತು. ಕೈಗಳೂ ಅಂಥವೇ. ಹೆಬ್ಬೆರಳಿನ ಉಗುರು ದಪ್ಪಗೆ ಹಳದಿಯಾಗಿ ಎದ್ದು ನಿಂತಿತ್ತು. ಅಂಗೈಯ ಬಿರುಕುಗಳಲ್ಲಿ ಯಾವ ಸಾಬೂನಿಗೂ ಹೋಗದ ಕಪ್ಪು ಕೂತಿತ್ತು. ನಮ್ಮವ್ವನ ಕೈಗಳೂ ಹಾಗೇ ಇದ್ದದ್ದರಿಂದ ಅದು ನೋಡಬೇಕಾದ ಸಂಗತಿ ಎಂದು ನನಗೆ ಅನ್ನಿಸಿರಲಿಲ್ಲ. ನೋಡಿದವರು ಬೇರೆಯವರು.

ಬೆಳಗಾವಿಯಲ್ಲಿ ಮೌಶಿ ಎಂದರೆ ತಾಯಿಯ ತಂಗಿ. ಮನೆಗೆಲಸಕ್ಕೆ ಬರುವವಳನ್ನೂ ಮೌಶಿ ಅಂತಲೇ ಕರೆಯುತ್ತಾರೆ. ನಮ್ಮ ನಾಟಕದ ತಂಡದಲ್ಲಿ ಎಲ್ಲರೂ ಅವರನ್ನು ಮೌಶಿ ಎನ್ನುತ್ತಿದ್ದರು. ನಾನು ತಾಯಿಯ ತಂಗಿ ಎಂದುಕೊಂಡೇ ಕರೆಯುತ್ತಿದ್ದೆ. ಉಳಿದವರು ಏನೆಂದುಕೊಂಡು ಕರೆಯುತ್ತಿದ್ದರು ಎಂಬುದು ಚಹಾ ಬಂದಾಗ ತಿಳಿಯುತ್ತಿತ್ತು. ಎಲ್ಲರಿಗೂ ಪಿಂಗಾಣಿ ಕಪ್ಪು, ಮೌಶಿಗೆ ಮಾತ್ರ ಕಾಗದದ ಕಪ್ಪು. ಕಪ್ಪು ಕಡಿಮೆ ಇವೆ ಎನ್ನುತ್ತಿದ್ದರು. ಇಬ್ಬರು ತಾಲೀಮಿಗೆ ಬರದ ದಿನವೂ ಅವು ಕಡಿಮೆಯೇ ಇರುತ್ತಿದ್ದವು. ಇಂಥ ಚಹಾ ಕುಡಿಯುತ್ತ ನಾವು ಮಾಡುತ್ತಿದ್ದದ್ದು ಬಡವ ಬಲ್ಲಿದ ಎಂಬ ಭೇದ ಅಳಿಯಬೇಕು ಎಂಬ ನಾಟಕ. ಈಗ ನೆನೆಸಿಕೊಂಡರೂ ಬಾಯಿ ಕಹಿಯಾಗುತ್ತದೆ.

ಅದು ಹವ್ಯಾಸಿ ತಂಡ. ವಕೀಲರು, ಡಾಕ್ಟರರ ಮಕ್ಕಳು, ಕಾಲೇಜಿನಲ್ಲಿ ಪಾಠ ಹೇಳುವವರು. ಅವರ ನಡುವೆ ನಾನೊಬ್ಬ ಸರ್ಕಾರಿ ಕಚೇರಿಯ ಗುಮಾಸ್ತ. ನಮ್ಮದು ಖಾನಾಪುರದಿಂದ ಕಣಕುಂಬಿಯ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ. ಎಮ್ಮೆ, ಒಂದಿಷ್ಟು ಭತ್ತದ ಗದ್ದೆ, ಅಜ್ಜನ ಕಾಲಕ್ಕೆ ಕುರಿಯೂ ಇದ್ದವು. ನಾಟಕದ ಕೂಲಿ ಹುಡುಗನ ಪಾತ್ರಕ್ಕೆ ನಿರ್ದೇಶಕರು ನನ್ನನ್ನೇ ಆರಿಸಿದಾಗ ಹಿಗ್ಗಿ ಹೀರೇಕಾಯಿಯಾಗಿದ್ದೆ. ಅವರು ಯಾವುದನ್ನು ನೋಡಿ ಆರಿಸಿದರೆಂದು ಆಮೇಲೆ ಗೊತ್ತಾಯಿತು.

ನಿರ್ದೇಶಕರಿಗೆ ವಾಸ್ತವತೆಯ ಹುಚ್ಚು. ಪರದೆಯ ಮೇಲೆ ಬರೆದ ಮನೆ ಅವರಿಗೆ ಆಗದು, ನಿಜವಾದ ಬಾಗಿಲು ಬೇಕು. ಕೂಲಿಯವನ ಗುಡಿಸಲಿನ ದೃಶ್ಯದಲ್ಲಿ ನಿಜವಾದ ಒಲೆ, ನಿಜವಾದ ಹಂಚು, ನಿಜವಾದ ಜೋಳದ ಹಿಟ್ಟು. ಮಣ್ಣಿನ ಒಲೆಯೊಳಗೆ ಸಣ್ಣ ಗ್ಯಾಸ್ ಇಟ್ಟು ಅದರ ಮೇಲೆ ರೊಟ್ಟಿ ಸುಡಿಸುತ್ತಿದ್ದರು. ಮೊದಲ ಸಾಲಿನವರ ಮೂಗಿಗೆ ಸುಟ್ಟ ರೊಟ್ಟಿಯ ವಾಸನೆ ಹೋಗಬೇಕು ಎಂಬುದು ಅವರ ಹಟ. ತಂಡದ ಹೆಂಗಸರಲ್ಲಿ ಯಾರಿಗೂ ಕೈಯಲ್ಲಿ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬಂದರೂ ಮುದಿ ಕೂಲಿ ಹೆಂಗಸಾಗಿ ಜನರ ಮುಂದೆ ಕೂರಲು ಒಪ್ಪುತ್ತಿರಲಿಲ್ಲ. ಹಾಗಾಗಿ ಕಂಪನಿ ಬಿಟ್ಟು ಬೆಳಗಾವಿಯ ಖಾಸಬಾಗ ಬಡಾವಣೆಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದ ಮೌಶಿಯನ್ನು ಕರೆಸಿದರು.

ಮೊದಲ ಪ್ರಯೋಗದ ಸಂಜೆ ಮೌಶಿ ಬಣ್ಣದ ಡಬ್ಬಿಗೆ ಕೈ ಹಾಕಿದ್ದರು. ನಿರ್ದೇಶಕರು ತಡೆದರು.

"ನಿಮಗ್ಯಾಕ್ರೀ ಮೌಶಿ ಮೇಕಪ್ಪು? ನೀವು ಇದ್ದಂಗ ಕುಂದರ್ರಿ ಸಾಕು. ಬಡತನ ತಾನ ಕಾಣ್ತದ."

ಪಕ್ಕದಲ್ಲಿ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ಮೌಶಿ ಡಬ್ಬಿ ಕೆಳಗಿಟ್ಟು, ನಿರ್ದೇಶಕರನ್ನೇ ನೋಡುತ್ತ ಹೇಳಿದರು:

"ಹಂಗಾರ ನಾಟಕ ಯಾಕ ಮಾಡ್ತೀರಿ ಸರ? ಎಲ್ಲಾರನ್ನೂ ಕರಕೊಂಡು ನಮ್ಮ ಓಣಿಗೇ ಬರ್ರಿ. ಟಿಕೀಟ ಇಲ್ದ ತೋರಸ್ತೀನಿ."

ನಿರ್ದೇಶಕರು ದೊಡ್ಡದಾಗಿ ನಕ್ಕು ಅದನ್ನು ತಮಾಷೆ ಮಾಡಿಬಿಟ್ಟರು. ಅವರು ಆ ಕಡೆ ತಿರುಗಿದ ಮೇಲೆ ಮೌಶಿ ಬೆರಳ ತುದಿಯಲ್ಲಿ ಚೂರು ಬಣ್ಣ ತೆಗೆದು ಕಿವಿಯ ಹಿಂದೆ ಹಚ್ಚಿಕೊಂಡರು. ಯಾರಿಗೂ ಕಾಣದ ಜಾಗ. ಬಣ್ಣ ಮುಟ್ಟದೆ ಸ್ಟೇಜಿಗೆ ಹೋದರೆ ಕಾಲು ನಡುಗುತ್ತವೆ ಎಂದು ನನಗೊಬ್ಬನಿಗೆ ಹೇಳಿದ್ದರು.

ನನಗೆ ನಟನೆ ಕಲಿಸಿದವರೂ ಅವರೇ. ನಿರ್ದೇಶಕರು ಗಂಟೆಗಟ್ಟಲೆ ಭಾಷಣ ಬಿಗಿಯುತ್ತಿದ್ದರು, ನನ್ನ ತಲೆಗೆ ಏನೂ ಇಳಿಯುತ್ತಿರಲಿಲ್ಲ. ಮೌಶಿ ಮೂಲೆಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತ ಒಂದೇ ಮಾತು ಹೇಳುತ್ತಿದ್ದರು: "ನಿನ್ನ ಪಾರ್ಟು ನೀ ಚಂದ ಮಾಡೂದು ದೊಡ್ಡ ಮಾತಲ್ಲ ತಮ್ಮಾ. ನಿನ್ನ ಮುಂದ ನಿಂತಾರಲ್ಲಾ, ಅವರ ಪಾರ್ಟು ಕೆಡದಂಗ ನೋಡ್ಕೋ." ಕಂಪನಿಯ ದಿನಗಳಲ್ಲಿ ಒಮ್ಮೆ ಇವರ ಎದುರಿನ ನಾಯಕ ಕುಡಿದು ಬಂದು, ಪ್ರೇಮದ ದೃಶ್ಯದಲ್ಲಿ ಇವರ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದನಂತೆ. ಇವರು ಅವನ ತಲೆ ಸವರುತ್ತ, "ನೀವು ಅವತ್ತು ಕೆರಿ ದಂಡಿ ಮ್ಯಾಲ ಹಿಂಗಂದಿದ್ರಿ" ಎಂದು ಅವನ ಮಾತುಗಳನ್ನೂ ತಾವೇ ಆಡಿ ದೃಶ್ಯ ಮುಗಿಸಿದರಂತೆ. ಜನ ಅವನಿಗೇ ಚಪ್ಪಾಳೆ ಹೊಡೆದರು ಎಂದು ಹೇಳಿಕೊಂಡು ಕೆಮ್ಮು ಬರುವಷ್ಟು ನಗುತ್ತಿದ್ದರು. ಅವನ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. "ಸಿಟ್ಟು ಬಣ್ಣಾ ತಗದ ಮ್ಯಾಲ. ಕಪಾಳಕ್ಕ ಎರಡು ಬಿಟ್ಟೆ," ಎಂದರು.

ನಾಟಕದ ಕಥೆ ಇಷ್ಟು. ಹಂಚಿನ ಕಾರ್ಖಾನೆಯ ಮಾಲೀಕನ ಮಗಳು ಅಲ್ಲಿನ ಕೂಲಿ ಹುಡುಗನನ್ನು ಪ್ರೀತಿಸುತ್ತಾಳೆ. ಹುಡುಗನ ತಾಯಿ ಒಪ್ಪುವುದಿಲ್ಲ, ದೊಡ್ಡವರ ಮಗಳು ನಮ್ಮ ಮನೆಯಲ್ಲಿ ಬಾಳುವವಳಲ್ಲ ಎನ್ನುತ್ತಾಳೆ. ಕೊನೆಯ ದೃಶ್ಯದಲ್ಲಿ ಹುಡುಗಿ ಗುಡಿಸಲಿಗೆ ಬಂದು ಒಲೆಯ ಪಕ್ಕ ನೆಲದ ಮೇಲೆ ಕೂತು, "ಅವ್ವಾ, ನನಗೂ ಒಂದು ರೊಟ್ಟಿ ಕೊಡು" ಎನ್ನುತ್ತಾಳೆ. ತಾಯಿ ಬಿಸಿ ರೊಟ್ಟಿ ಮುರಿದು ಕೈಯಾರೆ ಬಾಯಿಗಿಡುತ್ತಾಳೆ. ಹುಡುಗಿ ತಿನ್ನುತ್ತ ಹಿಂದಿನ ಗೋಡೆಯ ಕಡೆ ಮುಖ ತಿರುಗಿಸಿ, ಸೆರಗನ್ನು ಬಾಯಿಗೊತ್ತಿ ಬಿಕ್ಕುತ್ತಾಳೆ. ಅಲ್ಲಿಗೆ ಪರದೆ. ಬೆಳಗಾವಿಯಲ್ಲಿ ಆ ಬಿಕ್ಕುವ ಬೆನ್ನನ್ನು ನೋಡಿ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಆ ಹೊತ್ತಿಗೆ ನಾನು ಬಾಗಿಲ ಬಳಿ ಪ್ರೇಕ್ಷಕರ ಕಡೆ ಮುಖ ಮಾಡಿ, ಕಣ್ಣಲ್ಲಿ ನೀರು ತಂದುಕೊಂಡು ನಿಂತಿರಬೇಕಾಗಿತ್ತು. ಅವಳ ಮುಖ ಕಾಣುತ್ತಿದ್ದದ್ದು ಒಲೆಯ ಹಿಂದೆ ಕೂತ ಮೌಶಿಗೆ ಮಾತ್ರ.

ಮಾಲೀಕನ ಮಗಳ ಪಾತ್ರ ಮಾಡುತ್ತಿದ್ದವಳು ದೊಡ್ಡ ವಕೀಲರ ಮಗಳು. ಪ್ರೀತಿಗೆ ಮೇಲು ಕೀಳು ಇಲ್ಲ ಎಂದು ದಿನಾ ಸಂಜೆ ಹೇಳಿ ಹೇಳಿ ನಾವಿಬ್ಬರೂ ಅದನ್ನು ನಂಬಿಬಿಟ್ಟೆವು. ತಾಲೀಮು ಮುಗಿಸಿ ಕೋಟೆಯ ಕಡೆ ನಡೆದು ಹೋಗುತ್ತಿದ್ದೆವು. ನನ್ನ ತಟ್ಟೆಯಲ್ಲಿ ಕೈ ಹಾಕಿ ತಿನ್ನುತ್ತಿದ್ದಳು, ನಾನು ಕುಡಿದು ಬಿಟ್ಟ ಚಹಾ ಕುಡಿಯುತ್ತಿದ್ದಳು. ನನಗೆ ಇನ್ನೇನು ಪುರಾವೆ ಬೇಕಿತ್ತು? ಮದುವೆಯ ಮಾತು ಬಂತು. ಖಾನಾಪುರದಲ್ಲಿ ಪ್ರಯೋಗ ನಿಗದಿಯಾದಾಗ, ಮರುದಿನ ಬೆಳಿಗ್ಗೆ ಅಲ್ಲಿಂದಲೇ ನಮ್ಮ ಹಳ್ಳಿಗೆ ಹೋಗಿ ಅವ್ವನ ಕೈಯ ಊಟ ಮಾಡುವುದೆಂದು ತೀರ್ಮಾನಿಸಿದೆವು. ಅವ್ವ ಆ ಸಂಜೆ ನಾಟಕಕ್ಕೂ ಬರುವವಳಿದ್ದಳು.

ಖಾನಾಪುರಕ್ಕೆ ಹೋಗುವ ಟೆಂಪೋದಲ್ಲಿ ಮೌಶಿಯ ಪಕ್ಕ ಕೂತಿದ್ದೆ. ಹೊಟ್ಟೆಯಲ್ಲಿ ಸುದ್ದಿ ನಿಲ್ಲಲಿಲ್ಲ.

"ಮೌಶಿ, ನಾಳಿ ಆಕಿನ್ನ ಮನಿಗೆ ಕರಕೊಂಡು ಹೊಂಟೇನ್ರಿ. ಅವ್ವ ರೊಟ್ಟಿ ಮಾಡಾಕಿ ಅದಾಳ."

"ಯಾರನ್ನ? ಈ ಹುಡಿಗೀನ್ನ?"

"ಹೌದ್ರಿ. ಖರೇ ಲಗ್ನ ಆಗೂದು ಮಾಡೇವಿ."

ಮೌಶಿ ಬಾಯಲ್ಲಿದ್ದ ಎಲೆ ಉಗಿದು ಕಿಟಕಿಯ ಹೊರಗೆ ನೋಡುತ್ತ ಕೂತರು. "ನಿಮ್ಮವ್ವ ನಾಟಕಕ್ಕ ಬರತಾಳೇನು?" ಎಂದರು. ಮೊದಲ ಸಾಲಿನಲ್ಲೇ ಕೂರಿಸುತ್ತೇನೆ ಎಂದೆ. ಅವರಿಂದ ಒಂದು ಆಶೀರ್ವಾದದ ಮಾತು ಬರಲಿಲ್ಲವಲ್ಲ ಎಂದು ಸ್ವಲ್ಪ ಬೇಸರವಾಯಿತು.

ಆ ಸಂಜೆ ಶಾಲೆಯೊಂದರ ಸಭಾಂಗಣ ಕಿಕ್ಕಿರಿದಿತ್ತು. ಅವ್ವ ಮೊದಲ ಸಾಲಿನಲ್ಲಿ, ಹೊಸ ಸೀರೆಯ ಸೆರಗು ತಲೆ ಮೇಲೆ ಹೊದ್ದುಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದಳು. ನಾಟಕ ಚೆನ್ನಾಗಿ ನಡೆಯಿತು. ಕೊನೆಯ ದೃಶ್ಯ ಬಂತು. ಹುಡುಗಿ ನೆಲಕ್ಕೆ ಕೂತಳು, ರೊಟ್ಟಿ ಕೇಳಿದಳು, ಮೌಶಿ ಮುರಿದು ಬಾಯಿಗಿಟ್ಟರು. ಹುಡುಗಿ ಗೋಡೆಯ ಕಡೆ ತಿರುಗಿ ಬಿಕ್ಕತೊಡಗಿದಳು. ಚಪ್ಪಾಳೆ ಇನ್ನೇನು ಶುರುವಾಗಬೇಕು.

ಆಗ ಮೌಶಿ ಒಲೆಯ ಹಿಂದಿನಿಂದ ಎದ್ದರು. ಯಾವ ಪ್ರಯೋಗದಲ್ಲೂ ಅವರು ಅಲ್ಲಿ ಎದ್ದವರಲ್ಲ. ನಾನು ಗಾಬರಿಯಾಗಿ ಮುಖ ತಿರುಗಿಸಿದೆ. ಅವರು ಸುತ್ತು ಹಾಕಿ ಬಂದು ಪಕ್ಕ ಕೂತು, ಹುಡುಗಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಂದರು. ಕಣ್ಣೊರೆಸುವವರ ಹಾಗೆ ಅವಳ ಕೈಯಲ್ಲಿದ್ದ ಸೆರಗನ್ನು ಮೆಲ್ಲಗೆ ಬಿಡಿಸಿದರು. ಸೆರಗಿನೊಳಗಿಂದ ಎಂಜಲು ಮೆತ್ತಿದ ರೊಟ್ಟಿಯ ತುಂಡು ಮೌಶಿಯ ಅಂಗೈ ಮೇಲೆ ಬಿತ್ತು. ಇಡೀ ತುಂಡು. ಹಲ್ಲು ಕೂಡ ತಾಕಿರಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರೂ ಇರಲಿಲ್ಲ. ಮೂಗು ಸೊಟ್ಟಗಾಗಿ, ತುಟಿ ಹಿಂದಕ್ಕೆ ಎಳೆದುಕೊಂಡು, ಸತ್ತ ಇಲಿ ತುಳಿದವರ ಮುಖ ಹೇಗಿರುತ್ತದೋ ಹಾಗಿತ್ತು.

ಪ್ರತಿ ಪ್ರಯೋಗದಲ್ಲೂ ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಇದಕ್ಕೆ.

ಮೌಶಿ ಅಷ್ಟಾದರೂ ಅವಳನ್ನು ಬಿಟ್ಟುಕೊಡಲಿಲ್ಲ. ತಾಯಿಯ ದನಿಯಲ್ಲೇ, "ಸುಟ್ಟಿತೇನವ್ವಾ ಬಾಯಿ? ತಡಿ, ಆರಿಸಿ ಕೊಡ್ತೀನಿ," ಎಂದರು. ಇನ್ನೊಂದು ಚೂರು ಮುರಿದು, ಊದಿ ಆರಿಸಿ, ಅವಳ ಬಾಯ ಹತ್ತಿರ ಹಿಡಿದರು. ಹಿಡಿದೇ ಇದ್ದರು. ನುಂಗಿಬಿಟ್ಟಿದ್ದರೆ ನಾಟಕ ನಾಟಕವಾಗಿಯೇ ಮುಗಿಯುತ್ತಿತ್ತು. ಹುಡುಗಿ ಆ ಕೈ ನೋಡಿದಳು, ಉಗುರು ನೋಡಿದಳು. ಬಾಯಿ ಬಿಗಿಯಿತು. ಎದ್ದು ಸೀರೆ ಒದರಿಕೊಂಡು ಒಳಕ್ಕೆ ನಡೆದುಬಿಟ್ಟಳು. ಮೌಶಿ ಕೈಯನ್ನು ಹಾಗೇ ಚಾಚಿಕೊಂಡು ಕೂತಿರುವಾಗ ಪರದೆ ಬಿತ್ತು.

ಹೊರಗೆ ಸಿಡಿಲು ಬಡಿದಂಥ ಚಪ್ಪಾಳೆ. ನಾಟಕ ಇರುವುದೇ ಹೀಗೆ ಎಂದು ಜನ ತಿಳಿದಿದ್ದರು.

ಒಳಗೆ ಹುಡುಗಿ ಉರಿಯುತ್ತಿದ್ದಳು. "ಆ ಮುದಿಕಿ ಬೇಕಂತ ಮಾಡ್ಯಾಳ. ನನ್ನ ಮರ್ಯಾದಿ ತಗದ್ಲು."

"ನೀ ದಿನಾ ಉಗುಳ್ತಿದ್ದಿ ಏನು?" ಎಂದು ಕೇಳಿದೆ.

"ಮತ್ತೇನು ನುಂಗ್ಬೇಕಾಗಿತ್ತು? ಆಕಿ ಕೈ ನೋಡೀಯೇನು ನೀ? ನಂಗ ವಾಂತಿ ಬರ್ತದ."

"ನಮ್ಮವ್ವನ ಕೈನೂ ಹಂಗ ಅದಾವು."

ಅವಳು ನನ್ನ ತೋಳು ಹಿಡಿದು, ಸಮಾಧಾನ ಮಾಡುವವಳ ಹಾಗೆ ಹೇಳಿದಳು: "ನಿನ್ನ ಮಾತ ಬ್ಯಾರೆ ಬಿಡು... ನಾವೇನು ಅಲ್ಲೇ ಇರ್ತೀವೇನು? ಒಂದಿನ ಹೋಗಿ ಬರೂದು. ಹೆಂಗರ ಮಾಡಿ ಸಂಭಾಳಿಸ್ತೀನಿ ನಾ."

ಹೆಂಗರ ಮಾಡಿ. ನಮ್ಮ ಮನೆಯ ಒಲೆಯ ಮುಂದೆ, ಅವ್ವನ ಎದುರು ಕೂತು, ಸೆರಗು ಬಾಯಿಗೊತ್ತಿ ಬಿಕ್ಕುವ ಅವಳ ಬೆನ್ನು ನನ್ನ ಕಣ್ಣಿಗೆ ಕಟ್ಟಿತು. ಅವಳ ಕೈಯನ್ನು ನನ್ನ ತೋಳಿನಿಂದ ಬಿಡಿಸಿದೆ. ಪ್ರೀತಿ ಹೋಗಲು ಕಾಲ ಬೇಕು ಎನ್ನುತ್ತಾರೆ, ನನಗೆ ಬೇಕಾಗಲಿಲ್ಲ. ಹೇಸಿಗೆ ಬಂದ ಮೇಲೆ ಪ್ರೀತಿಗೆ ಜಾಗವೆಲ್ಲಿ?

ಮರುದಿನ ಒಬ್ಬನೇ ಅವ್ವನ ಜೊತೆ ಹಳ್ಳಿಗೆ ಹೋದೆ. ಯಾರೋ ಬರುತ್ತಾರೆ ಎಂದಷ್ಟೇ ಅವಳಿಗೆ ಹೇಳಿದ್ದೆ, ಯಾರು ಎಂದು ಹೇಳಿರಲಿಲ್ಲ. ಬಸ್ಸಿನಲ್ಲಿ ಅವ್ವ ಕೇಳಿದಳು: "ಆ ಹುಡಿಗಿ ಬಾಯಾಗ ಹುಣ್ಣಾಗಿತ್ತೇನೋ ಪಾ? ತುತ್ತು ನುಂಗಾಕ ಆಗ್ಲಿಲ್ಲಲ್ಲ ಕೂಸಿಗೆ. ಮೆತ್ತನ್ನ ಅನ್ನಾ ಕೊಟ್ಟಿದ್ರ ಆಗ್ತಿತ್ತು." ನಾನು ಕಿಟಕಿಯ ಕಡೆ ತಿರುಗಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟು ಇಷ್ಟರ ಹೊತ್ತಿಗೆ ಆರಿರುತ್ತಿತ್ತೇನೋ. ಖಾನಾಪುರದ ಪ್ರಯೋಗಕ್ಕೆ ಬಂದಿದ್ದ ಯಾರೋ ಪತ್ರಿಕೆಯಲ್ಲಿ ಬರೆದರು. ಕೊನೆಯ ದೃಶ್ಯ ಎದೆ ನಡುಗಿಸುತ್ತದೆ, ಮೇಲ್ವರ್ಗದ ಆತ್ಮವಂಚನೆಯನ್ನು ಬಯಲು ಮಾಡುತ್ತದೆ, ನಿರ್ದೇಶಕರ ಧೈರ್ಯ ಮೆಚ್ಚುವಂಥದ್ದು, ಇತ್ಯಾದಿ. ಮೌಶಿಯ ಮೇಲೆ ಹಲ್ಲು ಕಡಿಯುತ್ತಿದ್ದ ನಿರ್ದೇಶಕರು ಅದನ್ನು ಓದಿದ್ದೇ ತಡ, ಅದು ತಮ್ಮದೇ ಕಲ್ಪನೆ ಎಂದು ಸಂದರ್ಶನ ಕೊಟ್ಟರು. ಇನ್ನು ಮುಂದೆ ಪ್ರತಿ ಪ್ರಯೋಗದಲ್ಲೂ ಹುಡುಗಿ ರೊಟ್ಟಿ ಉಗುಳಿ ಎದ್ದು ಹೋಗಬೇಕು ಎಂದು ತೀರ್ಮಾನವಾಯಿತು. ಹುಡುಗಿ ಒಪ್ಪಿದಳು! ಕಲೆಗಾಗಿ ಏನು ಬೇಕಾದರೂ ಮಾಡುತ್ತೇನೆ ಎಂದಳಂತೆ. ನಿಜದಲ್ಲಿ ಉಗುಳಿದರೆ ಅವಮಾನ, ಚಪ್ಪಾಳೆಗಾಗಿ ಉಗುಳಿದರೆ ಕಲೆ. ನಾನು ತಂಡ ಬಿಟ್ಟೆ. ಥೂ ಎಂದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮೌಶಿಯನ್ನು ಕರೆಯಲು ಮಾತ್ರ ನಿರ್ದೇಶಕರೇ ಖಾಸಬಾಗಕ್ಕೆ ಹೋದರು. ಮೌಶಿ ಬರುವುದಿಲ್ಲ ಎಂದರು. ಎರಡನೆಯ ಸಲ ಹೋದಾಗ ಬಾಗಿಲೇ ತೆರೆಯಲಿಲ್ಲ. ಆ ಪಾತ್ರವನ್ನು ಬೇರೆ ಯಾರೋ ಮಾಡಿದರು. ಅವರಿಗೆ ಮುಖಕ್ಕೆ ಕಪ್ಪು ಬಳಿದರಂತೆ. ಮೌಶಿ ಬೇರೆ ತಂಡದವರು ಕರೆದರೂ ಹೋಗಲಿಲ್ಲ. ಓಣಿಯಲ್ಲೇ ರೊಟ್ಟಿ ಮಾಡಿ ಮಾರುವವರ ಮನೆಯಲ್ಲಿ ಕೆಲಸಕ್ಕೆ ನಿಂತರು. ಆ ರೊಟ್ಟಿ ಚೆಂದದ ಪಾಕೀಟಿನಲ್ಲಿ ಊರ ದೊಡ್ಡ ಅಂಗಡಿಗಳಿಗೆ ಹೋಗುತ್ತಿತ್ತು. ನಮ್ಮ ತಂಡದವರು ಅದನ್ನು ಮನೆಮನೆಯಲ್ಲೂ ತಿನ್ನುತ್ತಿದ್ದರು. ಕೈ ಕಾಣದಿದ್ದರೆ ಯಾರಿಗೂ ವಾಂತಿ ಬರುವುದಿಲ್ಲ.

ಹೋದ ವರ್ಷ ಮೌಶಿ ತೀರಿಕೊಂಡರು. ಬೆಳಿಗ್ಗೆ ಕೆಲಸಕ್ಕೆ ಬಾರದ್ದನ್ನು ನೋಡಿ ಹೋದವರಿಗೆ ಮಲಗಿದಲ್ಲೇ ಸಿಕ್ಕರು. ಮಣ್ಣು ಮಾಡಲು ತಂಡದವರು ಒಬ್ಬರೂ ಬರಲಿಲ್ಲ, ಓಣಿಯವರು ಮತ್ತು ನಾನು ಅಷ್ಟೇ. ಶ್ರದ್ಧಾಂಜಲಿ ಸಭೆ ಮಾತ್ರ ಜೋರಾಗಿ ಆಯಿತು. ವೇದಿಕೆಯ ಮೇಲೆ ದೊಡ್ಡ ಫೋಟೋ, ಹೂವು. ನಿರ್ದೇಶಕರು ವಾಸ್ತವತೆಯ ಬಗ್ಗೆ ಮಾತಾಡಿದರು. ಆಮೇಲೆ ಆ ವಕೀಲರ ಮಗಳು ಎದ್ದಳು. ಈಗ ದೊಡ್ಡ ಮನೆತನದ ಸೊಸೆ. ಮೈಕು ಹಿಡಿದು, "ಮೌಶಿ ನನಗ ತಾಯಿ ಇದ್ದಂಗ. ಆಕಿ ಕೈ ತುತ್ತು ತಿಂದು ಬೆಳದಾಕಿ ನಾ," ಎಂದು ಅಳತೊಡಗಿದಳು. ಸಭೆ ಮೂಗೊರೆಸಿಕೊಂಡಿತು. ನಾನು ಎದ್ದು ಹೊರಗೆ ಬಂದುಬಿಟ್ಟೆ.

ಆ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲದ ಮಾತೊಂದಿದೆ. ತಂಡ ಬಿಟ್ಟ ಮೇಲೆ ಒಂದು ಭಾನುವಾರ ಮೌಶಿಯ ಕೋಣೆಗೆ ಹೋಗಿದ್ದೆ. ನನ್ನ ಕಣ್ಣು ತೆರೆಸಿದಿರಿ, ಈಗ ನೀವ್ಯಾಕೆ ಮೂಲೆ ಹಿಡಿದು ಕೂತಿದ್ದೀರಿ ಎಂದು ಜಗಳವಾಡಿದೆ.

"ಇನ್ನ ನನಗ ಸ್ಟೇಜಿನ ಮ್ಯಾಲ ಜಾಗಾ ಇಲ್ಲ ತಮ್ಮಾ," ಎಂದರು. "ಮುಂದ ನಿಂತಾಕಿ ಪಾರ್ಟು ನಾ ತಿಳದೂ ತಿಳದೂ ಕೆಡಿಸೀನಿ. ಇಷ್ಟು ವರ್ಷದಾಗ ಒಬ್ಬರದೂ ಕೆಡಿಸಿದ್ದಿಲ್ಲ."

"ಉಗುಳಿದಾಕಿ ಆಕಿ ಮೌಶಿ. ತಪ್ಪು ನಿಮ್ದು ಹೆಂಗಾಗ್ತದ್ರಿ?"

"ಮೊದಲ್ನೇ ಆಟದಾಗಿಂದ ಉಗುಳ್ಯಾಳ. ನಾ ನೋಡೀನಿ. ಆದ್ರ ಮಂದಿಗೆ ಕಾಣತಿದ್ದಿಲ್ಲ, ಪಾರ್ಟು ಕೆಟ್ಟಿದ್ದಿಲ್ಲ. ಕೆಡಿಸಿದಾಕಿ ನಾನ."

"ಮತ್ಯಾಕ ಕೆಡಿಸಿದ್ರಿ?"

ಮೌಶಿ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಅವರಿಗೆ ಅಳು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನನ್ನ ಮುಂದ ಉಗುಳಿದ್ರ ಅದು ನಾಟಕ. ಮರುದಿನಾ ನಿಮ್ಮವ್ವನ ಮುಂದ ಉಗುಳಾಕಿ ಇದ್ಲು."

ನಮ್ಮವ್ವ ಈಗಲೂ ಹಳ್ಳಿಯಲ್ಲೇ ಇದ್ದಾಳೆ. ಒಬ್ಬ ಹೆಂಗಸು ಅವ್ವನಿಗಾಗಿ ತನ್ನ ಬದುಕಿನ ಏಕೈಕ ವಿದ್ಯೆಯನ್ನು ಬಿಟ್ಟುಕೊಟ್ಟು ಸತ್ತಳು ಎಂಬುದು ಅವಳಿಗೆ ಗೊತ್ತಿಲ್ಲ. ಹೇಳಬೇಕಾದರೆ ಉಗುಳಿದ್ದನ್ನೂ ಹೇಳಬೇಕಾಗುತ್ತದೆ. ಅದಕ್ಕೇ ನಾನು ಸುಮ್ಮನಿದ್ದೇನೆ.